'ಅಂತೆ' ಕಂಡ ಕೂಡ್ಲೇ ಉಪಮೆ ಅಂತ ಬರೀಬೇಡಿ: ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಕಥೆ, ಅಲಂಕಾರ ಹೇಳ್ಕೊಡೋ ಬಗೆ

ನಮ್ಮನೇಲಿ ಸಂಜೆ ಹೊತ್ತು ಏಳೆಂಟು ಮಕ್ಕಳು ಪಾಠಕ್ಕೆ ಬರ್ತಾರೆ, ಎಲ್ಲ ಆರು ಏಳು ಎಂಟನೇ ಕ್ಲಾಸಿನವು. ಅದರಲ್ಲಿ ಒಬ್ಬ ಹುಡುಗ ಹೋದ ವರ್ಷ ಟೆಸ್ಟ್ ಪೇಪರ್ ತಂದು ತೋರಿಸ್ದ, ಉಪಮಾಲಂಕಾರಕ್ಕೆ, ಅಂದ್ರೆ ಒಂದನ್ನ ಇನ್ನೊಂದಕ್ಕೆ ಹೋಲಿಸಿ ಹೇಳೋದಕ್ಕೆ, ಸ್ವಂತ ಉದಾಹರಣೆ ಕೊಡಿ ಅಂತ ಪ್ರಶ್ನೆ, ಇವನು ಬರೆದಿದ್ದು "ನಾಳೆ ಸ್ಕೂಲಿಗೆ ರಜೆಯಂತೆ". ಬರೀ ಅಷ್ಟೇ ಅಲ್ಲ, ಕೆಳಗೆ ನೀಟಾಗಿ ಗೆರೆ ಹೊಡೆದು ಉಪಮೇಯ: ನಾಳೆ, ಉಪಮಾನ: ರಜೆ, ಉಪಮಾವಾಚಕ: ಅಂತೆ, ಸಮಾನಧರ್ಮ: ಖುಷಿ ಅಂತ ಬೇರೆ ಬರೆದಿದ್ದ. ಸೊನ್ನೆ ಬಂದಿತ್ತು. ನಂಗೆ ನಗು ತಡೆಯಕ್ಕಾಗ್ಲಿಲ್ಲ, ಆದ್ರೆ ಆಮೇಲೆ ಯೋಚ್ನೆ ಮಾಡಿದ್ರೆ ತಪ್ಪು ಅವನದ್ದಲ್ಲ ಅನ್ನಿಸ್ತು, ಅವನಿಗೆ ಯಾರೋ "ಅಂತೆ, ಹಾಗೆ, ವೋಲ್ ಇದ್ರೆ ಉಪಮೆ, ಇಲ್ದಿದ್ರೆ ರೂಪಕ" ಅಂತ ಒಂದು ಫಾರ್ಮುಲಾ ಕೊಟ್ಟಿದಾರೆ (ವೋಲ್ ಅಂದ್ರೆ ಹಳಗನ್ನಡದಲ್ಲಿ "ಹಾಗೆ"), ಅವನು ಅದನ್ನ ಶ್ರದ್ಧೆಯಿಂದ ಪಾಲಿಸಿದಾನೆ.

ಆ ಫಾರ್ಮುಲಾನ ಬಿಡಿಸೋದ್ರಲ್ಲೇ ನನ್ನ ಅರ್ಧ ಪಾಠ ಮುಗಿಯುತ್ತೆ. ನಾನು ಹೇಳ್ಕೊಡೋ ರೀತಿ ಹೇಗೆ ಅಂತ ಇಲ್ಲಿ ಬರೀತೀನಿ, ಮನೇಲಿ ಮಕ್ಕಳಿಗೆ ಹೇಳ್ಕೊಡೋ ಅಪ್ಪ ಅಮ್ಮಂದಿರಿಗೆ, ಅಕ್ಕ ಅಣ್ಣಂದಿರಿಗೆ ಉಪಯೋಗಕ್ಕೆ ಬರಬಹುದು.

ಮೊದಲನೇ ದಿನ ಅಲಂಕಾರದ ಹೆಸರೇ ಎತ್ತಬೇಡಿ. ಒಂದು ಕಥೆ ಹೇಳಿ, ತುಂಬಾ ಸಣ್ಣದು, ಮಕ್ಕಳಿಗೆ ಗೊತ್ತಿರೋ ಜಗತ್ತಿನದ್ದು. ನಾನು ಹೇಳೋದು ಇದು, ನಾನೇ ಕಟ್ಟಿದ್ದು:

"ಏಪ್ರಿಲ್ ತಿಂಗಳು. ಅಜ್ಜಿ ಬೆಳಗ್ಗೆ ಬೇಗ ಎದ್ದು ಹಿಟ್ಟು ಕಾಯಿಸಿ, ಟೆರೇಸ್ ಮೇಲೆ ಹಳೇ ನೀಲಿ ಸೀರೆ ಹಾಸಿ ಸಂಡಿಗೆ ಇಟ್ಟಳು. 'ಕಾಗೆ ಬಂದ್ರೆ ಓಡ್ಸು, ಮೋಡ ಆದ್ರೆ ಕೂಗು' ಅಂತ ಸೋಮು ಕೈಗೆ ಒಂದು ಕೋಲು ಕೊಟ್ಟು ಇಳಿದು ಹೋದಳು. ನೀಲಿ ಸೀರೆ ಮೇಲೆ ಬಿಳೀ ಸಂಡಿಗೆಗಳು ರಾತ್ರಿ ಆಕಾಶದ ನಕ್ಷತ್ರಗಳಂತೆ ಹರಡಿಕೊಂಡಿದ್ದವು. ಹತ್ತು ಗಂಟೆಗೆ ಕೆಳಗಿಂದ ಹುಡುಗರು ಕೂಗಿದರು, ಬ್ಯಾಟಿಂಗ್ ನಿಂದೇ, ಬಾರೋ. ಸೋಮು ಕೋಲನ್ನ ಗೋಡೆಗೆ ಒರಗಿಸಿ ಓಡಿದ. ಮಧ್ಯಾಹ್ನ ಮೋಡದ ಆನೆಗಳು ನುಗ್ಗಿದವು, ದಬದಬ ಮಳೆ ಸುರೀತು. ಅವನು ಓಡೋಡಿ ಬರೋ ಹೊತ್ತಿಗೆ ಅಜ್ಜಿ ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಸೀರೆಯ ನಾಲ್ಕು ಮೂಲೆ ಸೇರಿಸ್ತಾ ಇದ್ದಳು. ಒಂದು ಮಾತೂ ಆಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಹೋದ ವರ್ಷದ ಡಬ್ಬಿ ತಳದಲ್ಲಿ ಉಳಿದಿದ್ದ ನಾಲ್ಕು ಸಂಡಿಗೆ ಕರಿದು, ನಾಲ್ಕನ್ನೂ ಸೋಮು ತಟ್ಟೆಗೇ ಹಾಕಿದಳು."

ಕಥೆ ಮುಗಿದ್ಮೇಲೆ ಸುಮ್ನೆ ಇರಿ, ಒಂದರ್ಧ ನಿಮಿಷ. ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅಜ್ಜಿ ಯಾಕೆ ಬೈಲಿಲ್ಲ ಆಂಟಿ?" ಅಂತ. ಆ ಪ್ರಶ್ನೆ ಬಂತು ಅಂದ್ರೆ ಪಾಠ ಶುರುವಾಯ್ತು ಅಂತಾನೇ ಅರ್ಥ.

ಕಥೆಯ ಅಂಗಗಳು ಅಂತ ಪುಸ್ತಕದಲ್ಲಿ ಪಟ್ಟಿ ಇರುತ್ತಲ್ಲ, ಕಥಾವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ನಿರೂಪಣೆ, ಆಶಯ, ಅದನ್ನ ಬೋರ್ಡ್ ಮೇಲೆ ಬರೆದು ಅರ್ಥ ಹೇಳೋ ಬದಲು ಈ ಕಥೆಯಿಂದ ಒಂದೊಂದನ್ನೇ ಕಿತ್ತು ಹಾಕಿ, ಏನಾಗುತ್ತೆ ನೋಡಿ ಅಂತ ಮಕ್ಕಳನ್ನೇ ಕೇಳಿ. ಏಪ್ರಿಲ್ ಬದಲು ಡಿಸೆಂಬರ್ ಇಟ್ರೆ? ಆಗ ನಮ್ಮ ಕಡೆ ಹಾಗೆಲ್ಲ ಮಧ್ಯಾಹ್ನ ದಿಢೀರ್ ಅಂತ ಮಳೆ ಸುರಿಯೋದು ಕಡಿಮೆ, ಬಿಸಿಲಿಗೂ ಅಷ್ಟು ಚುರುಕಿಲ್ಲ, ಯಾರೂ ಸಂಡಿಗೆ ಇಡೋಕೇ ಹೋಗಲ್ಲ, ಅಂದ್ರೆ ಕಥೆ ಬಿದ್ದೇ ಹೋಯ್ತು, ಅದಕ್ಕೇ ಕಾಲ ಮತ್ತೆ ಜಾಗ ಅನ್ನೋದು ಬರೀ ಅಲಂಕಾರಕ್ಕೆ ಇಟ್ಟಿದ್ದಲ್ಲ. ಅಜ್ಜಿಗೆ ಮಂಡಿ ನೋವು ಇಲ್ಲದಿದ್ರೆ? ಅವಳು ಸರಸರ ಹತ್ತಿ ತಂದಿರೋಳು, ನಮಗೆ ಹೊಟ್ಟೆ ಚುರ್ ಅಂತಿರ್ಲಿಲ್ಲ. ಪಾತ್ರ ಅಂದ್ರೆ ಹೆಸರು ವಯಸ್ಸು ಅಲ್ಲ, ಇಂಥ ಒಂದು ವಿವರ ಅಂತ ಮಕ್ಕಳಿಗೆ ತಾನಾಗೇ ಗೊತ್ತಾಗುತ್ತೆ.

ಸಂಘರ್ಷ ಅಂದ್ರೆ ಫೈಟಿಂಗ್ ಅಂದ್ಕೊಂಡಿರ್ತಾರೆ ಮಕ್ಕಳು, ಎಲ್ಲಾ ಸಿನಿಮಾದ ಪ್ರಭಾವ. ಇಲ್ಲಿ ಯಾರೂ ಯಾರ ಜೊತೆಗೂ ಜಗಳ ಆಡಿಲ್ಲ, ಆದ್ರೂ ಸಂಘರ್ಷ ಇದೆ, ಎಲ್ಲಿ ಹುಡುಕಿ ಅಂದ್ರೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಒಬ್ಬಳು ಹುಡುಗಿ ಹೇಳಿದ್ಲು, "ಕೋಲಿಗೂ ಬ್ಯಾಟಿಗೂ ಆಂಟಿ" ಅಂತ. ಇದಕ್ಕಿಂತ ಚೆನ್ನಾಗಿ ನಾನು ಹೇಳೋಕಾಗ್ತಿರ್ಲಿಲ್ಲ.

ನಿರೂಪಣೆಗೆ ಒಂದೇ ಕೆಲ್ಸ ಸಾಕು, ಇದೇ ಕಥೆನ ಅಜ್ಜಿ "ನಾನು" ಅಂತ ಹೇಳಿದ್ರೆ ಹೇಗಿರುತ್ತೆ ಐದು ಸಾಲು ಬರೀರಿ, ಇಲ್ಲಾ ಕಾಗೆ ಹೇಳಿದ್ರೆ ಹೇಗಿರುತ್ತೆ ಬರೀರಿ. ಎಲ್ಲಾ ಕಾಗೆನೇ ಆರಿಸ್ಕೊಳ್ತಾರೆ, ಖಂಡಿತ. ಒಬ್ಬ ಬರೆದಿದ್ದ, "ಆ ಹುಡುಗ ಹೋದ ಕೂಡ್ಲೇ ನಂಗೆ ಹಬ್ಬ ಆಯ್ತು, ಆದ್ರೆ ಮಳೆ ನನಗಿಂತ ಹೊಟ್ಟೆಬಾಕ" ಅಂತ. ಮಳೆಯನ್ನ ಹೊಟ್ಟೆಬಾಕ ಅಂದಿದ್ದಕ್ಕೆ ಅವನಿಗೆ ಗೊತ್ತಿಲ್ಲದೇ ಅಲಂಕಾರ ಬಂದುಬಿಟ್ಟಿತ್ತು, ಆದ್ರೆ ಆಗ ನಾನು ಅದರ ಬಗ್ಗೆ ಏನೂ ಹೇಳ್ಲಿಲ್ಲ, ಬೋರ್ಡಿನ ಮೂಲೇಲಿ ಬರೆದಿಟ್ಟೆ ಅಷ್ಟೇ.

ಇನ್ನು ಆಶಯ. ಇದರಲ್ಲಿ ಮಾತ್ರ ಸ್ವಲ್ಪ ಹಟ ಮಾಡಬೇಕು, ಯಾಕಂದ್ರೆ ನಮ್ಮ ಮಕ್ಕಳಿಗೆ ಪ್ರತಿ ಕಥೆ ಕೊನೇಲೂ ನೀತಿ ಬೇಕು. ಈ ಕಥೆ ನೀತಿ ಏನು ಅಂದ್ರೆ "ಸಂಡಿಗೆಯನ್ನು ಸರಿಯಾಗಿ ಕಾಯಬೇಕು" ಅಂತಾರೆ, ಸುಳ್ಳಲ್ಲ, ಹಾಗೇ ಬರೀತಾರೆ. ಅಜ್ಜಿ ಬೈದಿದ್ರೆ ಆ ನೀತಿ ಸರಿ ಇರೋದು. ಬೈಯದೇ ತಟ್ಟೆಗೆ ಸಂಡಿಗೆ ಹಾಕಿದ್ಲಲ್ಲ, ಆ ನಾಲ್ಕು ಸಂಡಿಗೆ ಏನೋ ಹೇಳ್ತಿದೆ, ಬಾಯಲ್ಲಿ ಹೇಳದೆ ಇರೋದನ್ನ. ನಮ್ಮ ಹಳಬರು ಇದನ್ನ ಧ್ವನಿ ಅಂತ ಕರೆದ್ರು, 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಅನ್ನೋ ಪಂಡಿತ ಕಾವ್ಯದ ಆತ್ಮವೇ ಧ್ವನಿ ಅಂತ ಇಡೀ ಒಂದು ಗ್ರಂಥ ಬರೆದ. ಗಂಟೆ ಹೊಡೆದ ಮೇಲೂ ಗುಂಯ್ ಅನ್ನೋದು ಉಳಿಯುತ್ತಲ್ಲ ಹಾಗೆ ಅಂತ ಹೇಳಿದ್ರೆ ಮಕ್ಕಳಿಗೆ ಸಾಕು, ಅದಕ್ಕಿಂತ ಎಳೆಯೋದು ಬೇಡ.

ಎರಡನೇ ದಿನ ಅಲಂಕಾರಕ್ಕೆ ಬನ್ನಿ. ಈಗ್ಲೂ ಪುಸ್ತಕ ತೆಗೀಬೇಡಿ, "ನಿಮ್ಮಮ್ಮ ನಿಮ್ಮನ್ನ ಬೈಯೋವಾಗ ಏನೇನು ಅಂತಾರೆ ಹೇಳಿ" ಅಂತ ಕೇಳಿ. ಮೊದಲು ನಾಚ್ಕೋತಾರೆ, ಆಮೇಲೆ ಶುರುವಾಗುತ್ತೆ ನೋಡಿ ಮೆರವಣಿಗೆ: ಎಮ್ಮೆ ಥರ ಮಲಗ್ತೀಯ, ಆಮೆ ಥರ ತಿಂತೀಯ, ನಿನ್ನ ರೂಮು ದನದ ಕೊಟ್ಟಿಗೆ, ನೀನೊಂದು ಕೋತಿ, ಸಾವಿರ ಸಲ ಹೇಳಿದೀನಿ, ಗೋಡೆಗೆ ಹೇಳಿದ್ರೂ ಕೇಳ್ಸ್ಕೊಳ್ಳುತ್ತೆ ನೀನು ಕೇಳಲ್ಲ. ಇಷ್ಟರಲ್ಲೇ ಉಪಮೆ, ರೂಪಕ, ಅತಿಶಯೋಕ್ತಿ ಎಲ್ಲಾ ಬಂದು ಕೂತಿವೆ. ಬೈಗುಳದಷ್ಟು ಅಲಂಕಾರ ಇರೋ ಸಾಹಿತ್ಯ ಇನ್ನೊಂದಿಲ್ಲ ಅನ್ನೋದು ನನ್ನ ಸ್ವಂತ ಅಭಿಪ್ರಾಯ.

ಈಗ ಉಪಮೆಯನ್ನ ಬಿಡಿಸಿ ತೋರಿಸಿ. "ನೀಲಿ ಸೀರೆ ಮೇಲೆ ಬಿಳೀ ಸಂಡಿಗೆಗಳು ಆಕಾಶದ ನಕ್ಷತ್ರಗಳಂತೆ ಹರಡಿಕೊಂಡಿದ್ದವು." ಮೂರು ಪ್ರಶ್ನೆ ಕೇಳಿ, ಇದೇ ಕ್ರಮದಲ್ಲಿ ಕೇಳಿ. ನಾವು ಯಾವುದರ ಬಗ್ಗೆ ಮಾತಾಡ್ತಿದ್ದೀವಿ? ಸಂಡಿಗೆ, ಅದು ಉಪಮೇಯ. ಅದನ್ನ ವರ್ಣಿಸೋಕೆ ಹೊರಗಿಂದ ಏನನ್ನ ಕರ್ಕೊಂಡು ಬಂದ್ವಿ? ನಕ್ಷತ್ರ, ಅದು ಉಪಮಾನ. ಇವೆರಡರಲ್ಲಿ ಒಂದೇ ಥರ ಇರೋದು ಏನು? ಹರಡಿಕೊಂಡಿರೋದು, ಅದೇ ಸಮಾನಧರ್ಮ. ಕೊನೆಗೆ ಇವನ್ನ ಹೊಲೆದಿರೋ ದಾರ ಯಾವುದು ಅಂತ ನೋಡಿ, "ಅಂತೆ", ಅದು ಉಪಮಾವಾಚಕ. ದಾರವನ್ನ ಕೊನೇಲಿ ಹುಡುಕಬೇಕು, ಎಲ್ಲರೂ ಮೊದಲು ಹುಡುಕ್ತಾರೆ, ಅಲ್ಲೇ ಎಡವಟ್ಟಾಗೋದು. ಉಪಮೇಯ ಯಾವುದು ಉಪಮಾನ ಯಾವುದು ಅಂತ ತಿರುವುಮುರುವು ಮಾಡೋ ಮಕ್ಕಳಿಗೆ ಒಂದು ಮಾತು ಹೇಳ್ತೀನಿ, ಉಪಮೇಯ ಮನೆಯವರು, ಉಪಮಾನ ನೆಂಟರು, ಹೊಗಳಿಸಿಕೊಳ್ಳೋಕೆ ನೆಂಟರನ್ನ ಕರೆದಿದ್ದೀವಿ ಅಂತ. ನಾಲ್ಕೂ ಇದ್ರೆ ಪೂರ್ಣೋಪಮೆ, ಒಂದೋ ಎರಡೋ ಕಾಣೆಯಾಗಿದ್ರೆ ಲುಪ್ತೋಪಮೆ. "ಚಿನ್ನದಂಥ ಹುಡುಗ" ಅಂದಾಗ ಚಿನ್ನದ ಯಾವ ಗುಣ ಅಂತ ಹೇಳಿಲ್ಲ ನೋಡಿ, ಸಮಾನಧರ್ಮ ಲೋಪ.

ಈಗ ನಮ್ಮ "ನಾಳೆ ರಜೆಯಂತೆ" ಹುಡುಗನ ವಿಷಯಕ್ಕೆ ವಾಪಸ್ ಬರೋಣ. ಕನ್ನಡದಲ್ಲಿ "ಅಂತೆ" ಎರಡು ಕೆಲ್ಸ ಮಾಡುತ್ತೆ. ಒಂದು ಹೋಲಿಕೆ, ಇನ್ನೊಂದು ಯಾರೋ ಹೇಳಿದ್ದನ್ನ ದಾಟಿಸೋದು: ಮಳೆ ಬರುತ್ತಂತೆ, ಅವರ ಮನೇಲಿ ಮದುವೆಯಂತೆ, ಸಾರ್ ಇವತ್ತು ಬರಲ್ವಂತೆ. ಎರಡನೇದು ಗಾಳಿಸುದ್ದಿ, ಅದರಲ್ಲಿ ಉಪಮೆ ಹುಡುಕಿದ್ರೆ ಸಿಗಲ್ಲ. ಟೆಸ್ಟ್ ಏನಪ್ಪಾ ಅಂದ್ರೆ "ಅಂತೆ" ತೆಗೆದು ಅಲ್ಲಿ "ಥರ" ಹಾಕಿ ನೋಡೋದು. ನಕ್ಷತ್ರಗಳ ಥರ ಹರಡಿದ್ವು, ಸರಿ ಇದೆ. ನಾಳೆ ರಜೆ ಥರ, ಅರ್ಥವೇ ಬದಲಾಯ್ತು. ಅದೇ ರೀತಿ "ಹಾಗೆ" ಅನ್ನೋದೂ ಮೋಸ ಮಾಡುತ್ತೆ, "ಟೀಚರ್ ಹೇಳಿದ ಹಾಗೆ ಮಾಡು" ಅಂದ್ರಲ್ಲಿ ಯಾರನ್ನ ಯಾರಿಗೂ ಹೋಲಿಸಿಲ್ಲ.

ಇನ್ನೂ ಒಂದು ಹಳ್ಳ ಇದೆ, ಅದರಲ್ಲಿ ದೊಡ್ಡೋರೂ ಬೀಳ್ತಾರೆ. "ನನ್ನ ಪೆನ್ನು ನಿನ್ನ ಪೆನ್ನಿನಂತೆಯೇ ಇದೆ." ಹೋಲಿಕೆ ಇದೆ, ಅಂತೆ ಇದೆ, ಎರಡು ವಸ್ತು ಇವೆ, ಆದ್ರೂ ಇದು ಅಲಂಕಾರ ಅಲ್ಲ, ಯಾಕಂದ್ರೆ ಇದರಲ್ಲಿ ಕೇಳೋರಿಗೆ ಒಂಚೂರೂ ಸ್ವಾರಸ್ಯ ಇಲ್ಲ. ಸಂಸ್ಕೃತದ ಅಲಂಕಾರ ಶಾಸ್ತ್ರದವರೂ ಇದನ್ನೇ ಹೇಳ್ತಾರೆ, ಕಾಡುಹಸು ನಾಡಹಸುವಿನ ಹಾಗಿದೆ ಅಂದ್ರೆ ಅದು ಬರೀ ಮಾಹಿತಿ, ಚಮತ್ಕಾರ ಇಲ್ಲ, ಹಾಗಾಗಿ ಉಪಮಾಲಂಕಾರ ಅಲ್ಲ ಅಂತ. ಬೇರೆ ಬೇರೆ ಜಾತಿಯ ಎರಡು ವಸ್ತು ಪಕ್ಕಪಕ್ಕ ಕೂತಾಗ್ಲೇ ಮಜಾ ಬರೋದು, ಸಂಡಿಗೆ ಎಲ್ಲಿ ನಕ್ಷತ್ರ ಎಲ್ಲಿ.

ಉಪಮೆ ಹೀಗೆ ಗಟ್ಟಿಯಾದ್ರೆ ರೂಪಕ ಹತ್ತೇ ನಿಮಿಷ. ದಾರ ಕಿತ್ತು ಹಾಕಿ ಎರಡನ್ನೂ ಒಂದೇ ಮಾಡಿದ್ರೆ ಅದೇ ರೂಪಕ. ಮೋಡ ಆನೆಯಂತೆ ನುಗ್ಗಿತು, ಉಪಮೆ. ಮೋಡದ ಆನೆಗಳು ನುಗ್ಗಿದವು, ರೂಪಕ, ಇಲ್ಲಿ ಮೋಡನೇ ಆನೆ, ಎರಡಕ್ಕೂ ಭೇದ ಇಲ್ಲ. ಗಾದೆಗಳಲ್ಲೂ ಸಿಗುತ್ತೆ, ಮಾತು ಬೆಳ್ಳಿ ಮೌನ ಬಂಗಾರ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಬಿರುದು ಇದೆ ಅಂತ ಮಕ್ಕಳಿಗೆ ಹೇಳಿ, ಆಮೇಲೆ ಆ ಬಿರುದಿನಲ್ಲೇ ಒಂದು ರೂಪಕ ಇದೆ, ಹುಡುಕಿ ಅನ್ನಿ. ರೂಪಕವನ್ನೇ ಸಾಮ್ರಾಜ್ಯ ಮಾಡಿ ಕವಿಯನ್ನ ಚಕ್ರವರ್ತಿ ಮಾಡಿದಾರಲ್ಲ, ಅದನ್ನ ಕಂಡುಹಿಡಿದಾಗ ಮಕ್ಕಳ ಮುಖ ನೋಡಬೇಕು.

ರೂಪಕಕ್ಕೆ ನಾನು ಇನ್ನೊಂದು ಆಟ ಆಡಿಸ್ತೀನಿ, ಒಗಟು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ", ಏನದು? ಮಲ್ಲಿಗೆ. ಮಲ್ಲಿಗೆಯ ಹೆಸರೇ ಎತ್ತದೆ ಬರೀ ಮೊಸರನ್ನ ತಂದಿಟ್ಟಿದಾರೆ, ಅಂದ್ರೆ ನೆಂಟರು ಮಾತ್ರ ಬಂದಿದಾರೆ, ಮನೆಯವರು ಬಾಗಿಲ ಹಿಂದೆ ಅಡಗಿದಾರೆ, ಅವರನ್ನ ಹುಡುಕೋದೇ ಒಗಟು ಬಿಡಿಸೋದು. (ಶಾಸ್ತ್ರದ ಲೆಕ್ಕಕ್ಕೆ ಹೋದ್ರೆ ಉಪಮೇಯವನ್ನ ಪೂರ್ತಿ ನುಂಗಿ ಹಾಕೋದು ಅತಿಶಯೋಕ್ತಿಯ ಒಂದು ಬಗೆ, ಆದ್ರೆ ಏಳನೇ ಕ್ಲಾಸಿಗೆ ಅದು ರೂಪಕದ ಅಣ್ಣ ಅಂದ್ರೆ ಸಾಕು.) ಮನೆಯಲ್ಲಿ ಅಜ್ಜಿ ತಾತ ಇದ್ರೆ ಹತ್ತು ಒಗಟು ಕೇಳ್ಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಡಿ, ಅವರಿಗೂ ಖುಷಿ.

ಈಗ ಒಂದು ಗಲಾಟೆ ಹೆಸರಿಗೆ ಬರೋಣ, ಉತ್ಪ್ರೇಕ್ಷೆ. ದಿನಾ ಮಾತಾಡೋವಾಗ ನಾವು "ಉತ್ಪ್ರೇಕ್ಷೆ ಮಾಡ್ಬೇಡ ಕಣೋ" ಅಂದ್ರೆ ಇರೋದಕ್ಕಿಂತ ದೊಡ್ಡದು ಮಾಡಿ ಹೇಳ್ಬೇಡ ಅಂತ. ಪೇಪರಲ್ಲೂ ಹಾಗೇ ಬರೀತಾರೆ. ಆದ್ರೆ ಅಲಂಕಾರದಲ್ಲಿ ಉತ್ಪ್ರೇಕ್ಷೆ ಅಂದ್ರೆ ಅದಲ್ಲವೇ ಅಲ್ಲ, ದೊಡ್ಡದು ಮಾಡಿ ಹೇಳೋದಕ್ಕೆ ಅತಿಶಯೋಕ್ತಿ ಅಂತ ಬೇರೆ ಹೆಸರಿದೆ. ಉತ್ಪ್ರೇಕ್ಷಾಲಂಕಾರ ಅಂದ್ರೆ ಒಂದನ್ನ ನೋಡಿ "ಇದು ಅದೇ ಇರಬೇಕೇನೋ" ಅಂತ ಊಹಿಸೋದು, ಸಂಭಾವಿಸೋದು ಅಂತ ಪುಸ್ತಕದಲ್ಲಿ ಬರೆದಿರ್ತಾರೆ. "ಮಳೆ ನಿಂತ ಮೇಲೂ ತೆಂಗಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಅಜ್ಜಿಯ ಸಂಡಿಗೆ ನೋಡಿ ಮರವೇ ಅಳುತ್ತಿದೆಯೇನೋ ಎಂಬಂತೆ." ಇಲ್ಲೂ "ಅಂತೆ" ಬಂತು ನೋಡಿ, ಫಾರ್ಮುಲಾ ಹಿಡ್ಕೊಂಡ ಹುಡುಗ ಇದನ್ನೂ ಉಪಮೆ ಅಂತಾನೆ. ವ್ಯತ್ಯಾಸ ಹೇಗೆ ಹೇಳೋದು ಅಂದ್ರೆ, ಉಪಮೆಯಲ್ಲಿ ಕವಿ ನಕ್ಷತ್ರವನ್ನೂ ಸಂಡಿಗೆಯನ್ನೂ ಎರಡೂ ನೋಡಿ ಒಂದೇ ಥರ ಇವೆ ಅಂತಾನೆ, ಉತ್ಪ್ರೇಕ್ಷೆಯಲ್ಲಿ ನಡೆದಿರೋದು ಒಂದು, ಅದಕ್ಕೆ ಕವಿ ತಾನೇ ಒಂದು ಕಾರಣವನ್ನೋ ಕೆಲಸವನ್ನೋ ಕಲ್ಪಿಸಿ ಅಂಟಿಸ್ತಾನೆ. ಮರ ಅಳಲ್ಲ, ಅಳ್ತಿದೆ ಅಂತ ಅವನು ಅಂದ್ಕೊಂಡಿದ್ದು. "ಏನೋ", "ಇರಬಹುದೇ", "ಎಂಬಂತೆ", "ಎಂದು ತೋರುವಂತೆ" ಇವು ಸಾಮಾನ್ಯವಾಗಿ ಜೊತೆಗೆ ಬರುತ್ತೆ, ಆದ್ರೆ ಮತ್ತೆ ಹೇಳ್ತೀನಿ, ದಾರ ಕೊನೇಲಿ ನೋಡಿ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸಿಮಿಲಿ ಅಂದ್ರೆ ಉಪಮೆ, ಮೆಟಫರ್ ಅಂದ್ರೆ ರೂಪಕ, ಹೈಪರ್‌ಬೋಲ್ ಅಂದ್ರೆ ಅತಿಶಯೋಕ್ತಿ ಅಂತ ಹೇಳಿದ್ರೆ ಟಕ್ ಅಂತ ಹಿಡೀತಾರೆ, ಅಲ್ಲೀತನಕ ಸರಿ. ಆದ್ರೆ ಉತ್ಪ್ರೇಕ್ಷೆಗೆ ಸರಿಯಾದ ಜೋಡಿ ಅಲ್ಲಿ ಸಿಗಲ್ಲ, ಬಲವಂತವಾಗಿ ಹುಡುಕೋಕೆ ಹೋದ್ರೆ ಪರ್ಸಾನಿಫಿಕೇಶನ್ ಜೊತೆ ಗಂಟು ಬೀಳುತ್ತೆ. ಹಾಗೆ ಮಾಡಬೇಡಿ.

ದೃಷ್ಟಾಂತಕ್ಕೆ ಎಲ್ಲರೂ ಕೊಡೋ ಉದಾಹರಣೆ ಒಂದೇ, "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ". ಸವೆದು ಹೋಗಿದೆ ನಿಜ, ಆದ್ರೆ ಇದಕ್ಕಿಂತ ಒಳ್ಳೇದು ಇಲ್ಲ. ಎರಡು ಬೇರೆ ಬೇರೆ ವಾಕ್ಯ, ಒಂದು ಊಟದ್ದು ಒಂದು ಮಾತಿನದ್ದು, ಆದ್ರೂ ಕನ್ನಡಿಯಲ್ಲಿ ಮುಖ ಕಂಡಂಗೆ ಒಂದರಲ್ಲಿ ಇನ್ನೊಂದು ಕಾಣುತ್ತೆ, ಇದಕ್ಕೆ ಬಿಂಬ ಪ್ರತಿಬಿಂಬ ಭಾವ ಅಂತಾರೆ, ಪರೀಕ್ಷೆಯಲ್ಲಿ ಈ ಪದ ಬರೀಲೇಬೇಕು. ಹಾಗಂತ ಗಾದೆ ಕಂಡಲ್ಲೆಲ್ಲಾ ದೃಷ್ಟಾಂತ ಅಂತ ಬರೀಬೇಡಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನೋದ್ರಲ್ಲಿ ಒಂದೇ ವಾಕ್ಯ ಇದೆ, ಪಕ್ಕದಲ್ಲಿ ಮನುಷ್ಯನ ವಾಕ್ಯ ಇಲ್ಲ. ಅರ್ಥಾಂತರನ್ಯಾಸ ಇದರ ದಾಯಾದಿ, ಒಂದು ನಿರ್ದಿಷ್ಟ ಘಟನೆ ಹೇಳಿ ಅದಕ್ಕೆ ಎಲ್ಲರಿಗೂ ಒಪ್ಪೋ ಮಾತನ್ನ ಸಾಕ್ಷಿ ಕೊಡೋದು: "ಅಜ್ಜಿ ಬೈಯದಿದ್ದರೂ ಸೋಮು ತಲೆ ಎತ್ತಲಿಲ್ಲ, ತಪ್ಪು ಮಾಡಿದವನಿಗೆ ಮನಸ್ಸೇ ಪೊಲೀಸು." ಇದು ದೊಡ್ಡ ಕ್ಲಾಸಿಗೆ ಹೋದ್ಮೇಲೆ ಚೆನ್ನಾಗಿ ಬರುತ್ತೆ, ಈಗ ಹೆಸರು ಕೇಳಿದ್ರೆ ಸಾಕು.

ಶ್ಲೇಷೆ ಮಾತ್ರ ಹೇಳ್ಕೊಡೋದೇ ಬೇಡ, ಅವರೇ ನಮಗೆ ಹೇಳ್ಕೊಡ್ತಾರೆ. ಒಂದೇ ಪದ ಎರಡು ಅರ್ಥ. "ಕಷ್ಟ ಅಂದಾಗ ನನ್ನ ಫ್ರೆಂಡ್ ಕೈ ಕೊಟ್ಟ", ಸಹಾಯ ಮಾಡಿದ್ನೋ ಮೋಸ ಮಾಡಿದ್ನೋ? ನೆರೆ ಅಂದ್ರೆ ಪ್ರವಾಹನೂ ಹೌದು, ಪಕ್ಕದ ಮನೆನೂ ಹೌದು, ತಲೆಯ ಬಿಳಿಗೂದಲೂ ಹೌದು. ಕರಿ ಅಂದ್ರೆ ಆನೆ, ಕಪ್ಪು, ಎಣ್ಣೆಗೆ ಹಾಕು. ಬೇಡ ಅಂದ್ರೆ ನಿರಾಕರಣೆ, ಬೇಟೆಗಾರ. ಹತ್ತು ಅಂದ್ರೆ ಸಂಖ್ಯೆ, ಏರು. ಇಂಥ ಪದ ಕೊಟ್ಟು ಜೋಕ್ ಮಾಡ್ರೋ ಅಂದ್ರೆ ಅವತ್ತು ಪಾಠ ಅಲ್ಲಿಗೇ ನಿಲ್ಲುತ್ತೆ, ನಿಲ್ಲಲಿ. ಅದೇ ಪದ ಎರಡು ಮೂರು ಸಲ ಬಂದು ಪ್ರತಿ ಸಲ ಬೇರೆ ಅರ್ಥ ಕೊಟ್ರೆ ಯಮಕ, "ಅರಸ ಕಾಡಲ್ಲೆಲ್ಲಾ ಅರಸಿಯನ್ನು ಅರಸಿ ದಣಿದ". ಒಂದು ಸಲ ಬಂದು ಎರಡು ಅರ್ಥ ಕೊಟ್ರೆ ಶ್ಲೇಷೆ, ಎರಡು ಸಲ ಬಂದು ಎರಡು ಅರ್ಥ ಕೊಟ್ರೆ ಯಮಕ, ಇಷ್ಟೇ ವ್ಯತ್ಯಾಸ.

ಯಮಕ ಮತ್ತೆ ಅನುಪ್ರಾಸ (ಒಂದೇ ಅಕ್ಷರ ಮತ್ತೆ ಮತ್ತೆ ಬರೋದು) ಶಬ್ದಾಲಂಕಾರಗಳು, ಅಂದ್ರೆ ಕಿವಿಯ ಕೆಲಸ. ಉಪಮೆ ರೂಪಕ ಎಲ್ಲ ಅರ್ಥಾಲಂಕಾರ. ಇದನ್ನ ಪರೀಕ್ಷೆ ಮಾಡೋದು ಸುಲಭ, ಪದ ಬದಲಾಯಿಸಿ ಅದೇ ಅರ್ಥದ ಬೇರೆ ಪದ ಹಾಕಿ, ಆಗ್ಲೂ ಅಲಂಕಾರ ಉಳಿದ್ರೆ ಅರ್ಥದ್ದು, ಹೋಯ್ತು ಅಂದ್ರೆ ಶಬ್ದದ್ದು. ನಕ್ಷತ್ರ ಬದಲು ತಾರೆ ಅಂದ್ರೂ ಉಪಮೆ ಇರುತ್ತೆ. "ಕಾಗೆ ಕರಕರ ಕೂಗಿ ಕೋಲಿಗೂ ಕೇರ್ ಮಾಡದೆ ಕೂತಿತ್ತು" ಅನ್ನೋದ್ರಲ್ಲಿ ಕೋಲಿನ ಬದಲು ದೊಣ್ಣೆ, ಕೂಗಿನ ಬದಲು ಅರಚು ಹಾಕಿ ನೋಡಿ, ಕಕಾರ ಉದುರಿ ಹೋಯ್ತು, ಅನುಪ್ರಾಸನೂ ಹೋಯ್ತು. ಈ ವಿಂಗಡಣೆ ಕನ್ನಡದಲ್ಲಿ ಹೊಸದೇನಲ್ಲ, ನಮಗೆ ಸಿಕ್ಕಿರೋದ್ರಲ್ಲೇ ಅತ್ಯಂತ ಹಳೇ ಕನ್ನಡ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ಅದರ 3 ಭಾಗಗಳಲ್ಲಿ ಎರಡನೇದು ಶಬ್ದಾಲಂಕಾರ, ಮೂರನೇದು ಅರ್ಥಾಲಂಕಾರ. ಅಂದ್ರೆ ಕನ್ನಡದಲ್ಲಿ ಉಳ್ಕೊಂಡು ಬಂದಿರೋ ಮೊದಲ ಪುಸ್ತಕನೇ ಒಂಥರಾ ಈ ವಿಷಯದ ಗೈಡು, ಇದನ್ನ ಹೇಳಿದ್ರೆ ಮಕ್ಕಳು "ಆಗ್ಲೂ ಗ್ರಾಮರಾ" ಅಂತ ನಿಟ್ಟುಸಿರು ಬಿಡ್ತಾರೆ.

ಕಿವಿಯ ವಿಷಯ ಬಂತಲ್ಲ, ಪ್ರಾಸವನ್ನ ಸ್ವಲ್ಪ ನಿಧಾನವಾಗಿ ಮಾಡಿ, ಅದು ಕನ್ನಡದ ವಿಶೇಷ. ಈಗಿನ ಮಕ್ಕಳಿಗೆ ಪ್ರಾಸ ಅಂದ್ರೆ ಸಾಲಿನ ಕೊನೆ ಅಕ್ಷರ ಅಷ್ಟೇ. ಹಳಗನ್ನಡದಲ್ಲಿ ಪ್ರಾಸ ಸಾಲಿನ ಶುರುವಿನಲ್ಲೇ ಬರುತ್ತೆ, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಆದಿಪ್ರಾಸ ಅಂತಾರೆ. ಇದಕ್ಕೆ ನಾನು ಕೊಡೋ ಉದಾಹರಣೆ ಒಂದು ಮಳೆ ಗಾದೆ, "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ". ಭರಣಿ, ಧರಣಿ, ಎರಡರಲ್ಲೂ ಎರಡನೇ ಅಕ್ಷರ ರ. ಮಳೆ, ಬೆಳೆ, ಕೊನೇಲಿ ಅಂತ್ಯಪ್ರಾಸ. ಶಾಲೆ ಮೆಟ್ಟಿಲೇ ಹತ್ತದ ರೈತರ ಬಾಯಲ್ಲೂ ಎರಡೂ ಪ್ರಾಸ ಒಟ್ಟಿಗೆ ಆಡ್ತಿದೆ. ಪ್ರಾಸದಲ್ಲಿ 6 ಬಗೆ, ಹೆಸರೆಲ್ಲಾ ಪ್ರಾಣಿಗಳದ್ದು, ಆ ಪ್ರಾಸಾಕ್ಷರದ ಹಿಂದಿನ ಅಕ್ಷರ ಹೇಗಿದೆ ಅನ್ನೋದರ ಮೇಲೆ: ಹ್ರಸ್ವ ಇದ್ರೆ ಸಿಂಹ, ದೀರ್ಘ ಇದ್ರೆ ಗಜ, ಸೊನ್ನೆ ಇದ್ರೆ ವೃಷಭ, ವಿಸರ್ಗ ಇದ್ರೆ ಅಜ ಅಂದ್ರೆ ಆಡು, ಇನ್ನು ಪ್ರಾಸಾಕ್ಷರವೇ ಬೇರೆ ಬೇರೆ ವ್ಯಂಜನದ ಒತ್ತಕ್ಷರ ಆಗಿದ್ರೆ ಶರಭ ಅನ್ನೋ ಪುರಾಣದ ಪ್ರಾಣಿ, ಅಕ್ಕ ಚಿಕ್ಕ ಥರ ಅದೇ ಅಕ್ಷರಕ್ಕೆ ಅದೇ ಒತ್ತು ಇದ್ರೆ ಹಯ, ಕುದುರೆ. ಭರಣಿ ಧರಣಿ ಸಿಂಹಪ್ರಾಸ ಆಯ್ತು. ಮಕ್ಕಳನ್ನ ಆರು ಪ್ರಾಣಿ ಮಾಡಿ ಪದ ಹುಡುಕಿ ಅಂದ್ರೆ ಆಡಿನ ಟೀಮ್ ಪಾಪ ದುಃಖ ಅನ್ನೋ ಒಂದು ಪದ ಹಿಡ್ಕೊಂಡು ದುಃಖದಲ್ಲೇ ಕೂತಿರುತ್ತೆ. 10ನೇ ಶತಮಾನದ ನಾಗವರ್ಮ ಛಂದಸ್ಸಿನ ಪುಸ್ತಕವನ್ನ ತನ್ನ ಹೆಂಡತಿಗೆ ಪಾಠ ಹೇಳೋ ಹಾಗೆ ಬರೆದಿದಾನೆ, ಕಮಲಮುಖಿ ಅದೂ ಇದೂ ಅಂತ ಕರೀತಾ ಕರೀತಾ. ಮನೆಪಾಠಕ್ಕೆ ಅಷ್ಟು ಹಳೇ ಇತಿಹಾಸ ಇದೆ ಅಂತ ನಾನು ಹೆಮ್ಮೆ ಪಡ್ತೀನಿ.

ಕಥೆಯಲ್ಲಿ ಮಳೆ ದಬದಬ ಸುರೀತಲ್ಲ, ಆ ದಬದಬ ಬಿಟ್ಟುಹೋಯ್ತು. ಇದು ಅಲಂಕಾರದ ಪಟ್ಟಿಯಲ್ಲಿ ಬರಲ್ಲ, ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಬೇರೆ ಕಡೆ ಬರುತ್ತೆ, ಆದ್ರೆ ಬರೆಯೋ ಮಕ್ಕಳಿಗೆ ಇದಕ್ಕಿಂತ ಕೈಗೆ ಸಿಗೋ ಸಾಮಾನು ಇನ್ನೊಂದಿಲ್ಲ. ಪಟಪಟ, ಗುಳುಗುಳು, ಧಡಧಡ ಇವೆಲ್ಲ ಶಬ್ದದ ಅನುಕರಣೆ, ಸರಿ. ಥಳಥಳ ಹೊಳೆಯೋದಕ್ಕೆ ಶಬ್ದ ಇದೆಯಾ? ಮಲ್ಲಿಗೆ ಘಮಘಮ ಅನ್ನೋವಾಗ ಯಾವ ಸದ್ದು ಕೇಳಿಸ್ತು? ಮೆಣಸಿನಕಾಯಿ ತಾಗಿದ ಕಣ್ಣು ಚುರುಚುರು ಅನ್ನುತ್ತಲ್ಲ, ಕಣ್ಣು ಕೂಗುತ್ತಾ? ಕನ್ನಡದಲ್ಲಿ ಬೆಳಕಿಗೂ ವಾಸನೆಗೂ ಉರಿಗೂ ಸದ್ದು ಕೊಟ್ಟಿದೀವಿ. ಈ ಪ್ರಶ್ನೆ ಕೇಳಿ ಮಕ್ಕಳನ್ನ ಹತ್ತು ನಿಮಿಷ ಅವರ ಪಾಡಿಗೆ ಬಿಟ್ಟುಬಿಡಿ.

ಕೊನೆಗೆ ಪರೀಕ್ಷೆ ಉತ್ತರ, ಎಷ್ಟೇ ಆದ್ರೂ ಅಪ್ಪ ಅಮ್ಮ ಕೇಳೋದು ಅದನ್ನೇ. "ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ" ಅಂತ ಬಂದ್ರೆ ಮೊದಲು ಹೆಸರು, ಆಮೇಲೆ ಲಕ್ಷಣ ಒಂದೇ ವಾಕ್ಯದಲ್ಲಿ, ಆಮೇಲೆ ಉಪಮೇಯ ಉಪಮಾನ ಇತ್ಯಾದಿ, ಕೊನೇಲಿ ಸಮನ್ವಯ. ಸಮನ್ವಯ ಅಂದ್ರೆ ಏನಂತ ಮಕ್ಕಳಿಗೆ ಗೊತ್ತೇ ಇರಲ್ಲ, ಲಕ್ಷಣವನ್ನೇ ಇನ್ನೊಂದು ಸಲ ಬರೀತಾರೆ. ಲಕ್ಷಣವನ್ನ ಈ ವಾಕ್ಯಕ್ಕೆ ಜೋಡಿಸಿ ತೋರಿಸೋದು ಸಮನ್ವಯ: "ಇಲ್ಲಿ ಉಪಮೇಯವಾದ ಸಂಡಿಗೆಗಳನ್ನು ಉಪಮಾನವಾದ ನಕ್ಷತ್ರಗಳಿಗೆ, ಹರಡಿಕೊಂಡಿರುವಿಕೆ ಎಂಬ ಸಮಾನಧರ್ಮದಿಂದ ಹೋಲಿಸಿರುವುದರಿಂದ ಇದು ಉಪಮಾಲಂಕಾರ." ಈ "ಹೋಲಿಸಿರುವುದರಿಂದ" ಅನ್ನೋ ಜಾಗದಲ್ಲಿ ರೂಪಕಕ್ಕೆ "ಅಭೇದವಾಗಿ ಹೇಳಿರುವುದರಿಂದ", ಉತ್ಪ್ರೇಕ್ಷೆಗೆ "ಸಂಭಾವಿಸಿರುವುದರಿಂದ", ದೃಷ್ಟಾಂತಕ್ಕೆ "ಬಿಂಬ ಪ್ರತಿಬಿಂಬ ಭಾವ ಇರುವುದರಿಂದ" ಅಂತ ಬದಲಾಗುತ್ತೆ. ಆಡುಮಾತು ಅಲ್ಲಿ ಬೇಡ, "ಸಂಡಿಗೆ ನಕ್ಷತ್ರ ಥರ ಐತೆ" ಅಂತ ಬರೆದ್ರೆ ಅರ್ಥ ಸರಿ ಇದ್ರೂ ಕೆಂಪು ಇಂಕ್ ಬೀಳುತ್ತೆ.

ಪಾಠ ಮುಗಿದ್ಮೇಲೆ ಒಂದು ಹಳೇ ನೋಟ್‌ಬುಕ್ ಬಾಗಿಲ ಹತ್ರ ಇಟ್ಟಿದೀನಿ, ಮನೇಲಿ ಬಸ್ಸಲ್ಲಿ ಅಂಗಡೀಲಿ ಕೇಳಿಸ್ಕೊಂಡ ಅಲಂಕಾರ ಬರೀಬೇಕು, ಪುಸ್ತಕದ್ದು ಬರೆಯೋ ಹಾಗಿಲ್ಲ. ಹೋದ ವಾರ ಒಂದು ಹುಡುಗಿ ಅವರ ತಾತ ಹೇಳಿದ್ದು ಅಂತ ಬರೆದಿದ್ಲು: "ಈ ಫ್ಯಾನು ತಿರುಗೋದು ನೋಡಿದ್ರೆ ಇದಕ್ಕೂ ರಿಟೈರ್ ಆಗಿದೆಯೇನೋ ಅನ್ಸುತ್ತೆ." ಅದು ಉಪಮೆನಾ ಉತ್ಪ್ರೇಕ್ಷೆನಾ ಅಂತ ಅರ್ಧ ಗಂಟೆ ಜಗಳ. ಹೋಲಿಸಿಲ್ಲ, ಊಹಿಸಿದಾರೆ, ಹಾಗಾಗಿ ಉತ್ಪ್ರೇಕ್ಷೆ ಅಂತ ತೀರ್ಪು ಕೊಟ್ಟಿದ್ದು ಯಾರು ಗೊತ್ತಾ, ನಮ್ಮ "ರಜೆಯಂತೆ" ಹುಡುಗ. ಆಮೇಲೆ ಅವನೇ ಕೇಳಿದ, "ಇದಕ್ಕೂ ಅಂದಿದಾರಲ್ಲ ಆಂಟಿ, ಆ 'ಊ' ಯಾಕೆ, ಇನ್ಯಾರಿಗೆ ರಿಟೈರ್ ಆಗಿರೋದು?" ಅಂತ. ಹುಡುಗಿ ಸುಮ್ಮನಾದ್ಲು. ನಾನು ಬೋರ್ಡ್ ಮೇಲೆ ಧ್ವನಿ ಅಂತ ಬರೆದೆ.